ಸುಬ್ಬಣ್ಣನ ತಮ್ಮ

ಸುಬ್ಬಣ್ಣ ಮೊಬೈಲನ್ನು ರಾಯರ ಮೂಗಿನ ತುದಿಗೆ ಹಿಡಿದ. ರಾಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಲಕ್ಷಣವಾಗಿದ್ದಾನೆ. ನಿನಗೆ ಒಬ್ಬ ತಮ್ಮನಿದ್ದಾನೆಂದು ಹೇಳಿಯೇ ಇರಲಿಲ್ಲವಲ್ಲ."

"ರಾಯರೇ, ಅದು ನಾನೇ!"

"ಮದುವೆಯಾಗಿದೆಯೇ ಅವನಿಗೆ?" ಎಂದು ವಕೀಲ ಶಾಮಣ್ಣ ಕೇಳಿದ.

ಸುಬ್ಬಣ್ಣ ಕೆರಳಿದ. "ಸ್ವಲ್ಪ ಫಿಲ್ಟರ್ ಹಾಕಿದ್ದೇನೆ, ಅಷ್ಟೇ. ಸುಕ್ಕು ತೆಗೆದೆ, ಗಲ್ಲದ ಕೆಳಗಿನ ಗಲ್ಲವನ್ನು ಕರಗಿಸಿದೆ, ಮುಂದಲೆಗೆ ಒಂದಿಷ್ಟು ಕೂದಲು ತುಂಬಿದೆ."

"ಅಂದರೆ ನಿನ್ನದೆಂದು ಉಳಿದದ್ದು ಅಂಗಿ ಮಾತ್ರ."

"ಅದರ ಬಣ್ಣವನ್ನೂ ಬದಲಾಯಿಸಿದ್ದೇನೆ" ಎಂದು ಸುಬ್ಬಣ್ಣ ಇದ್ದದ್ದನ್ನು ಇದ್ದಂತೆ ಹೇಳಿದ. ಅವನ ಬಾಯಿಗೆ ಇನ್ನೂ ಫಿಲ್ಟರ್ ಬಂದಿಲ್ಲ.

ಶಾಮಣ್ಣ ನಿಟ್ಟುಸಿರುಬಿಟ್ಟ. "ಹಿಂದೆ ಹೀಗಿರಲಿಲ್ಲ. ಫೋಟೋ ಎಂದರೆ ಸಾಕ್ಷಿ."

"ಯಾವ ಹಿಂದೆ?" ಎಂದರು ರಾಯರು. "1840ರಲ್ಲೇ ಫ್ರಾನ್ಸಿನ ಬಯಾರ್ ಎಂಬಾತ ತಾನು ನೀರಿಗೆ ಬಿದ್ದು ಸತ್ತಂತೆ ಫೋಟೋ ತೆಗೆದುಕೊಂಡ. ಫೋಟೋಗ್ರಫಿ ಕಂಡುಹಿಡಿದ ಕೀರ್ತಿಯೆಲ್ಲ ಡಾಗೆರ್‌ಗೆ ಹೋಯಿತೆಂಬ ಸಿಟ್ಟು ಅವನಿಗೆ. ಚಿತ್ರದ ಹಿಂಬದಿಯಲ್ಲಿ ಹೆಣದ ದೂರನ್ನು ಬರೆದವನೂ ಅವನೇ. ಆ ಹೆಣ 1887ರವರೆಗೆ ಬದುಕಿತ್ತು."

"ಅದು ಮನುಷ್ಯ ಹೇಳಿದ ಸುಳ್ಳು. ಕ್ಯಾಮೆರಾದ ತಪ್ಪೇನು?"

"ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ನೋಡು. 1838ರಲ್ಲಿ ಅದೇ ಡಾಗೆರ್ ಪ್ಯಾರಿಸಿನ ಒಂದು ಬೀದಿಯ ಚಿತ್ರ ತೆಗೆದ. ಗಿಜಿಗುಡುವ ಬೀದಿ. ಆದರೆ ಆಗ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಎಲ್ಲ ಮಾಯ! ಎದ್ದು ಕಾಣುವವನು ಒಬ್ಬನೇ, ಕಾಲೆತ್ತಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದವನು. ಪಾಲಿಶ್ ಮಾಡುತ್ತಿದ್ದವನು ಮಸುಕು ಮಸುಕು. ಯಾರೂ ಏನನ್ನೂ ತಿದ್ದಲಿಲ್ಲ. ಕೆಲಸವಿದ್ದವರೆಲ್ಲ ಅಳಿಸಿಹೋದರು, ಸುಮ್ಮನೆ ನಿಂತವನು ಚರಿತ್ರೆಗೆ ಸೇರಿದ."

"ಹಾಗಾದರೆ ನನ್ನದರಲ್ಲಿ ತಪ್ಪೇನು?" ಸುಬ್ಬಣ್ಣನಿಗೆ ಆಸೆ ಚಿಗುರಿತು.

"ಏನೂ ಇಲ್ಲ. ನಿನ್ನ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು ಬಂದ ಕಡೆಗೆ ನೀನು ಬರುವುದೇ ಇಲ್ಲವಲ್ಲ! ಮೊನ್ನೆಯ ಪ್ರವಾಸದ ಫೋಟೋಗಳನ್ನು ನೋಡು: ನಾನಿದ್ದೇನೆ, ಶಾಮಣ್ಣನಿದ್ದಾನೆ, ನಿನ್ನ ತಮ್ಮನಿದ್ದಾನೆ. ನೀನು ಬಂದಿದ್ದೆ ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ."

"ವಾದಕ್ಕೆ ನಿಲ್ಲುವುದಿಲ್ಲ" ಎಂದು ಶಾಮಣ್ಣನೂ ಕೈಚೆಲ್ಲಿದ.

ಸೋತ ಸುಬ್ಬಣ್ಣ ಬೆರಳಾಡಿಸಿ ಇನ್ನೊಂದು ಚಿತ್ರ ತೆಗೆದ. "ಇದನ್ನಾದರೂ ಮೆಚ್ಚಿಕೊಳ್ಳಿ. ನಾನು ಕೂಸಾಗಿದ್ದಾಗಿನದು. ಮಾಸಿಹೋಗಿತ್ತು, ಹೊಸದರಂತೆ ಮಾಡಿದ್ದೇನೆ. ಗೀರು, ಕಲೆ ಒಂದೂ ಇಲ್ಲ. ಅಂಚಿನಲ್ಲಿ ಒಂದು ಕೈ ಅಡ್ಡ ಬಂದಿತ್ತು, ಅದನ್ನೂ ಆಪ್ ತಾನಾಗಿಯೇ ಅಳಿಸಿತು."

"ಯಾರ ಕೈ?"

ಸುಬ್ಬಣ್ಣ ಬಾಯಿ ತೆರೆದ, ಮುಚ್ಚಿದ. "ಅಮ್ಮನದು" ಎಂದ.

ರಾಯರು ಈ ಸಲ ಕನ್ನಡಕ ಒರೆಸಲಿಲ್ಲ. "ನಿಮಿಷಗಟ್ಟಲೆ ಅಲ್ಲದಿದ್ದರೂ ಕೆಲವು ಕ್ಷಣವಾದರೂ ಅಲುಗಾಡದೆ ಕೂರಬೇಕಿದ್ದ ಕಾಲದಲ್ಲಿ, ವಿದೇಶದ ತಾಯಂದಿರು ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದ್ದು, ಕುರ್ಚಿಯಂತೆ ಕುಳಿತು ಮಗುವನ್ನು ಹಿಡಿಯುತ್ತಿದ್ದರಂತೆ. ಅಂಥ ಫೋಟೋಗಳು ಈಗಲೂ ಸಿಗುತ್ತವೆ. ನೋಡಿದರೆ ಮೊದಲು ನಗು ಬರುತ್ತದೆ."

ಶಾಮಣ್ಣ ಮೊಬೈಲನ್ನು ಕೈಗೆ ತೆಗೆದುಕೊಂಡ. ಕೂಸು ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಕುಳಿತಿತ್ತು.

"ಈ ವಯಸ್ಸಿಗೆ ನಿನಗೆ ಕೂರಲು ಬರುತ್ತಿತ್ತೇ?"

"ಇಲ್ಲ. ಬೀಳುತ್ತಿದ್ದೆನಂತೆ."

"ಹಾಗಾದರೆ ಇವನೂ ನಿನ್ನ ತಮ್ಮನೇ" ಎಂದರು ರಾಯರು, ಮೆಲ್ಲಗೆ.

ಸುಬ್ಬಣ್ಣ ಈ ಬಾರಿ ಕೆರಳಲಿಲ್ಲ. "ಹಳೆಯದು ಪೆಟ್ಟಿಗೆಯಲ್ಲೇ ಇರಬೇಕು" ಎನ್ನುತ್ತ ಎದ್ದು ಹೊರಟೇಬಿಟ್ಟ. ಮೊಬೈಲು ಶಾಮಣ್ಣನ ಕೈಯಲ್ಲೇ ಉಳಿಯಿತು.