ಪಾಸ್‌ವರ್ಡ್ ಸರಿ ಇದೆ, ಪ್ರಿಂಟರ್ ಮಾತ್ರ ತಪ್ಪು ಅಂತಿದೆ

ಲೆಕ್ಕದಕ್ಕ, ಚಾಮುಂಡಿಪುರಂ

ಎಲ್ಲರಿಗೂ ನಮಸ್ಕಾರ. ಏಳೆಂಟು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಕೂತು ಬರೆಯುತ್ತೇನೆ. 20ನೇ ತಾರೀಖಿನೊಳಗೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಬೇಕು. ಇಂಥ ಹೊತ್ತಲ್ಲೇ ಮನೆ ವೈಫೈ ಮುನಿಸಿಕೊಂಡಿದೆ.

ಅಕ್ಟೋಬರ್ ಕೊನೆಯಲ್ಲಿ ಸಿಡಿಲಿಗೆ ಹಳೇ ವೈಫೈ ಬಾಕ್ಸ್ ಸುಟ್ಟುಹೋಯಿತು. ಫೈಬರ್ ಹುಡುಗ ಬಂದು ಹೊಸದು ಹಾಕಿದ. "ಡಬ್ಲ್ಯುಪಿಎ3 ಇಟ್ಟಿದೀನಿ ಮೇಡಂ, ಯಾರೂ ಮುಟ್ಟಕ್ಕಾಗಲ್ಲ" ಅಂದ. ಅದು ವೈಫೈಗೆ ಹಾಕುವ ಹೊಸ ಬಗೆಯ ಬೀಗವಂತೆ. ಹುಡುಗ ನಿಜವೇ ಹೇಳಿದ್ದ. ನನ್ನ ಪ್ರಿಂಟರ್ ಕೂಡ ಮುಟ್ಟಲಾಗಲಿಲ್ಲ. ಅದು 2012ರದು, ಆದರೆ ಇಷ್ಟು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಹೊಸ ಬಾಕ್ಸ್ ಬಂದ ಮೇಲೆ ಪ್ರಿಂಟರ್ ಆನ್ ಮಾಡಿದ್ದೇ ನವೆಂಬರ್ 9ಕ್ಕೆ. ಅಲ್ಲಿಂದ ಶುರು.

ನಮ್ಮ ಭಾವನ ಮಗ ಫೋನಿನಲ್ಲೇ ಒಂದು ಉಪಾಯ ಹೇಳಿದ: "ಪ್ರಿಂಟರ್ ಹಳೇದು ಚಿಕ್ಕಮ್ಮ, ಬೀಗಾನೂ ಹಳೇದೇ ಹಾಕಿ." ಅವನ ಮಾತು ಕೇಳಿ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ ಟಿಕೆಐಪಿ ಅಂತ ಇದ್ದ ಹಳೇ ಬೀಗವನ್ನು ಆರಿಸಿದೆ. ಪ್ರಿಂಟರ್ ಆಗಲೂ ಪಾಸ್‌ವರ್ಡ್ ತಪ್ಪು ಅಂತಲೇ ಹೇಳಿತು. ಕನ್ನಡಕ ಹಾಕಿಕೊಂಡು ಹನ್ನೊಂದು ಸಲ ಒತ್ತಿದ್ದೇನೆ, ತಪ್ಪಿಲ್ಲ. ಬಂದ ಭಾಗ್ಯ ಏನೆಂದರೆ, 90 ಎಂಬಿಪಿಎಸ್ ಬರುತ್ತಿದ್ದ ಲ್ಯಾಪ್‌ಟಾಪ್ ಸ್ಪೀಡು 22ಕ್ಕೆ ಇಳಿಯಿತು. ಮಗನ ಐಫೋನ್ ಬೇರೆ "ವೀಕ್ ಸೆಕ್ಯುರಿಟಿ" ಅಂತ ತೋರಿಸುತ್ತಿದೆ.

ಆ ಮಗರಾಯನ ಕೊಡುಗೆಯೂ ಒಂದಿದೆ. ರಾಜ್ಯೋತ್ಸವದ ದಿನ ವೈಫೈ ಹೆಸರನ್ನು ಕನ್ನಡದಲ್ಲಿ "ಮೈಸೂರು ಪಾಕು" ಅಂತ ಇಟ್ಟ. ಪ್ರಿಂಟರ್‌ನ ಪುಟಾಣಿ ಪರದೆಯಲ್ಲಿ ಅದು ಬರೀ ಚೌಕ ಚೌಕವಾಗಿ ಕಾಣುತ್ತದೆ, ನೋಡಲು ನಿಜಕ್ಕೂ ಮೈಸೂರು ಪಾಕಿನ ಹಾಗೇ ಇದೆ. ಇರಲಿ.

ಹೊಸ ಪ್ರಿಂಟರ್ ತಗೊಳ್ಳಲೇಬೇಕಾ? ಮೊನ್ನೆ ತಾನೇ ಹೊಸ ಕಾರ್ಟ್ರಿಡ್ಜ್ ಹಾಕಿಸಿದ್ದೇನೆ. ಯುಎಸ್‌ಬಿ ಕೇಬಲ್ ಹಾಕಿ ಅನ್ನಬೇಡಿ, ಅದನ್ನು ಇಲಿ ಕಡಿದಿದೆ.

ಕುಕ್ಕರಹಳ್ಳಿ ವಾಕರ್

ಸುಲಭ ಮೇಡಂ. ಪಾಸ್‌ವರ್ಡೇ ತೆಗೆದುಬಿಡಿ. ವೈಫೈ ಹೆಸರು ಯಾರಿಗೂ ಕಾಣದ ಹಾಗೆ ಅಡಗಿಸಿ. ಆಮೇಲೆ ಮ್ಯಾಕ್ ಫಿಲ್ಟರ್ (ಪ್ರತಿ ಸಾಧನದ ಗುರುತಿನ ವಿಳಾಸ ನೋಡಿ ಒಳಬಿಡುವುದು) ಹಾಕಿ ನಿಮ್ಮ ಮನೆಯ ಫೋನ್, ಲ್ಯಾಪ್‌ಟಾಪ್, ಪ್ರಿಂಟರ್ ಮಾತ್ರ ಬಿಡಿ. ನಾನು ವರ್ಷಗಟ್ಟಲೆ ಹೀಗೇ ಇಟ್ಟುಕೊಂಡಿದ್ದೆ, ಏನೂ ಆಗಲಿಲ್ಲ.

ಮಂಡ್ಯ ವೈರ್‌ಮ್ಯಾನ್

ವಾಕರ್ ಸಾರ್, ಏನೂ ಆಗಲಿಲ್ಲವೋ, ಆದದ್ದು ಗೊತ್ತಾಗಲಿಲ್ಲವೋ? ಪಾಸ್‌ವರ್ಡ್ ತೆಗೆದರೆ ಗಾಳಿಯಲ್ಲಿ ಹೋಗುವುದಕ್ಕೆ ಬೀಗವೇ ಇರುವುದಿಲ್ಲ. ಹೆಸರು ಅಡಗಿಸಿದರೆ ಫೋನು ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತದೆ. ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಈಗಿನ ಫೋನುಗಳು ತಾವಾಗಿಯೇ ಸುಳ್ಳು ಮ್ಯಾಕ್ ಹೇಳುತ್ತವೆ. ಕಳ್ಳ ಒಳಗೆ, ಮನೆಯವರು ಹೊರಗೆ ಅನ್ನುವ ಹಾಗಾಗುತ್ತದೆ.

ಅಕ್ಕ, ನೀವು "ಇರಲಿ" ಅಂತ ಬಿಟ್ಟಿರಲ್ಲ, ಆ ಚೌಕಗಳು, ನನಗೆ ಅಲ್ಲೇ ಅನುಮಾನ.

ನಿಮ್ಮಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ. ಮೊದಲನೆಯದು ಡಬ್ಲ್ಯುಪಿಎ3. ಅದು ಬಂದಿದ್ದು 2018ರಲ್ಲಿ. 2012ರ ಪ್ರಿಂಟರ್‌ಗೆ ಅದರ ಭಾಷೆಯೇ ಗೊತ್ತಿಲ್ಲ. ಅದೊಂದೇ ಕಾರಣ ಆಗಿದ್ದರೆ ಟಿಕೆಐಪಿಗೆ ಬಂದ ಕೂಡಲೇ ಹತ್ತಿಕೊಳ್ಳಬೇಕಿತ್ತು. ಹತ್ತಲಿಲ್ಲ, ಅಲ್ವಾ?

ಎರಡನೆಯದು ಹೆಸರು. ಹಳೇ ಬೀಗಗಳಾದ ಡಬ್ಲ್ಯುಪಿಎ, ಡಬ್ಲ್ಯುಪಿಎ2 ಎರಡರಲ್ಲೂ ನೀವು ಒತ್ತುವ ಪಾಸ್‌ವರ್ಡೇ ಬೀಗದ ಕೈ ಅಲ್ಲ. ಪಾಸ್‌ವರ್ಡ್ ಮತ್ತು ವೈಫೈ ಹೆಸರು ಎರಡನ್ನೂ ಸೇರಿಸಿ 4096 ಸುತ್ತು ಅರೆದು ಕೈ ತಯಾರಾಗುತ್ತದೆ. ಬಾಕ್ಸ್ ಒಂದು ಕಡೆ ಅರೆಯುತ್ತದೆ, ಪ್ರಿಂಟರ್ ಇನ್ನೊಂದು ಕಡೆ. ಎರಡೂ ತಾಳೆಯಾಗಬೇಕು. ಹೆಸರಿನಲ್ಲಿ ಒಂದು ಬೈಟ್ (ಒಂದು ಇಂಗ್ಲಿಷ್ ಅಕ್ಷರ ಹಿಡಿಯುವ ಜಾಗ) ಆಚೀಚೆ ಆದರೂ ಬೇರೆಯದೇ ಕೈ ಬರುತ್ತದೆ. ಆಗ ಪ್ರಿಂಟರ್ ಪಾಪ, ತನಗೆ ಗೊತ್ತಿರುವ ಒಂದೇ ಮಾತು ಹೇಳುತ್ತದೆ: ಪಾಸ್‌ವರ್ಡ್ ತಪ್ಪು.

ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದಲ್ಲಿ ಮೂಲ ಅಕ್ಷರಕ್ಕೆ ಮೂರು ಬೈಟ್, ಕೊಂಬು ದೀರ್ಘಗಳಿಗೆ ಮತ್ತೆ ಮೂರು ಮೂರು. "ಮೈಸೂರು ಪಾಕು" ನಡುವಿನ ಜಾಗ ಸೇರಿ 31 ಆಗುತ್ತದೆ. ನಿಮ್ಮ ಮಗ ಬಸ್ಸಿನ ಬಾಗಿಲಲ್ಲಿ ನೇತಾಡುವಷ್ಟು ತುಂಬಿದ್ದಾನೆ! ಹೊಸ ಫೋನುಗಳಿಗೆ ಇದು ತೊಂದರೆ ಇಲ್ಲ. ಇಂಗ್ಲಿಷ್ ಅಕ್ಷರ ಮಾತ್ರ ಬಲ್ಲ ಹಳೇ ಪ್ರಿಂಟರ್ ಇದನ್ನು ಚೌಕವಾಗಿ ತೋರಿಸುವುದಷ್ಟೇ ಅಲ್ಲ, ಚೌಕವಾಗಿಯೇ ಅರೆಯುತ್ತಿರಬಹುದು. ಬಾಕ್ಸ್ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಅಲೆಗಳಲ್ಲಿ ವೈಫೈ ಕೊಡುತ್ತದೆ. 2.4ರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಬೀಗವನ್ನು ಡಬ್ಲ್ಯುಪಿಎ2 ಎಇಎಸ್ (ಟಿಕೆಐಪಿಗಿಂತ ಗಟ್ಟಿಯಾದದ್ದು) ಮಾಡಿ ನೋಡಿ.

ಸ್ಪೀಡ್ ಬಿದ್ದಿದ್ದಕ್ಕೆ ಟಿಕೆಐಪಿಯೇ ಕಾರಣ. ಅದನ್ನು ಹಾಕಿದರೆ ವೈಫೈ ಹಳೇ 54 ಎಂಬಿಪಿಎಸ್ ಲೆಕ್ಕಕ್ಕೆ ಇಳಿಯುತ್ತದೆ, ಕೈಗೆ ಸಿಗುವುದು ಇಪ್ಪತ್ತು ಚಿಲ್ಲರೆ. ನಿಮ್ಮ 22 ಅದೇ. ಭಾವನ ಮಗನಿಗೆ ಹೇಳಿ, ಹಳೇ ಬೀಗ ಬೇಡ.

ಲೆಕ್ಕದಕ್ಕ, ಚಾಮುಂಡಿಪುರಂ

ಹೆಸರು ಬದಲಿಸಿದರೆ ಮಗ ಮುಖ ಊದಿಸಿಕೊಳ್ಳುತ್ತಾನೆ ಅಂತ ಮೊದಲು ಗೆಸ್ಟ್ ವೈಫೈ ಆನ್ ಮಾಡಿ ನೋಡಿದೆ. ಅದರ ಹೆಸರು ಇಂಗ್ಲಿಷಿನಲ್ಲೇ ಇತ್ತು, ಬೀಗವೂ ನೀವು ಹೇಳಿದ ಎಇಎಸ್. ಪಾಸ್‌ವರ್ಡ್ ಅದೇ ಹಳೇದು ಕೊಟ್ಟೆ. ಒಂದೇ ಏಟಿಗೆ ಪ್ರಿಂಟರ್ ಸೇರಿತು! ಆದರೆ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣಿಸುತ್ತಲೇ ಇಲ್ಲ. ಇದೇನು ಕಥೆ?

ಮಂಡ್ಯ ವೈರ್‌ಮ್ಯಾನ್

ಅನುಮಾನ ನಿಜವಾಯಿತು ನೋಡಿ. ಗೆಸ್ಟ್ ಅಂದರೆ ಜಗಲಿ. ಜಗಲಿಯಲ್ಲಿ ಕೂತವರಿಗೆ ಇಂಟರ್‌ನೆಟ್ ಸಿಗುತ್ತದೆ, ಒಳಮನೆಗೆ ದಾರಿ ಇಲ್ಲ. ಗೆಸ್ಟ್ ಇರುವುದೇ ಅದಕ್ಕೆ. ಪ್ರಿಂಟರನ್ನು ಒಳಗೆ ಕರೆಯಿರಿ. 5 ಗಿಗಾಹರ್ಟ್ಸ್‌ಗೆ ಮಗನ ಕನ್ನಡ ಹೆಸರು ಹಾಗೇ ಇರಲಿ, ಡಬ್ಲ್ಯುಪಿಎ3 ಕೂಡ ಅದಕ್ಕೇ ಇರಲಿ. ಪ್ರಿಂಟರ್‌ಗೆ 5 ಹಿಡಿಯಲು ಬರುವುದಿಲ್ಲ ಅನ್ನಿಸುತ್ತದೆ, ಹಾಗಾಗಿ ಅದಕ್ಕೆ 2.4 ಸಾಕು. ಎರಡೂ ಒಂದೇ ಮನೆಯ ಎರಡು ಬಾಗಿಲು. ಲ್ಯಾಪ್‌ಟಾಪ್ 5ರಲ್ಲಿದ್ದರೂ ಪ್ರಿಂಟ್ ಹೋಗುತ್ತದೆ.

ಇನ್ನೊಂದು ಕೇಳಬೇಕು, ತಪ್ಪು ತಿಳಿಯಬೇಡಿ. ಪಾಸ್‌ವರ್ಡ್ ಏನು ಅಂತ ಹೇಳಬೇಡಿ. ಮೊಬೈಲ್ ನಂಬರ್ ಅಲ್ಲ ತಾನೇ?

ಕುಕ್ಕರಹಳ್ಳಿ ವಾಕರ್

ಡಬ್ಲ್ಯುಪಿಎ2 2017ರಲ್ಲೇ ಒಡೆದುಹೋಯಿತು ಅಂತ ಓದಿದ ನೆನಪು. ಅದನ್ನೇ ಹಾಕಿ ಅಂತೀರಲ್ಲ?

ಮಂಡ್ಯ ವೈರ್‌ಮ್ಯಾನ್

ಕ್ರ್ಯಾಕ್ ಅಂತ ಹೆಸರು ಸಾರ್ ಅದಕ್ಕೆ. ಬೆಲ್ಜಿಯಂನ ಮ್ಯಾಥಿ ವ್ಯಾನ್‌ಹೂಫ್ ಕಂಡುಹಿಡಿದಿದ್ದು. ಅದರಿಂದ ಪಾಸ್‌ವರ್ಡ್ ಸಿಗುವುದಿಲ್ಲ, ಮಾಡುವವನು ಮನೆ ಹತ್ತಿರವೇ ಬಂದು ಕೂರಬೇಕು. ಫೋನು, ಲ್ಯಾಪ್‌ಟಾಪ್‌ಗಳಿಗೆ ಅಪ್‌ಡೇಟ್‌ನಲ್ಲಿ ಅದನ್ನು ಮುಚ್ಚಿದರು. ಅಕ್ಕನ ಪ್ರಿಂಟರ್‌ಗೆ ಆ ಅಪ್‌ಡೇಟ್ ಬಂದಿರಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಡಬ್ಲ್ಯುಪಿಎ2 ಮನೆಗಳಲ್ಲಿ ನಿಜವಾದ ಭಯ ಸೋವಿ ಪಾಸ್‌ವರ್ಡ್‌ದು. ಫೋನ್ ಸೇರುವ ಆ ಒಂದು ಕ್ಷಣದ ಮಾತುಕತೆಯನ್ನು ಹಿಡಿದಿಟ್ಟುಕೊಂಡರೆ ಸಾಕು, ಮನೆಗೆ ಹೋಗಿ ಆರಾಮಾಗಿ ಒಂದೊಂದೇ ಊಹೆ ಮಾಡಬಹುದು. ಮೊಬೈಲ್ ನಂಬರ್ 6, 7, 8, 9ರಲ್ಲಿ ಶುರುವಾಗುತ್ತದೆ. ಒಟ್ಟು 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಪರೀಕ್ಷಿಸುತ್ತದೆ, ಒಂದು ದಿನವೂ ಬೇಡ. ಡಬ್ಲ್ಯುಪಿಎ3ರಲ್ಲಿ ಹೀಗೆ ಮನೆಗೆ ಒಯ್ದು ಊಹಿಸಲು ಆಗುವುದಿಲ್ಲ. ಅದರ ದೊಡ್ಡ ಲಾಭ ಇದೇ.

ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಅಕ್ಕ. 63 ಅಕ್ಷರದವರೆಗೆ ಜಾಗ ಇದೆ. ಗಾದೆ ಬೇಡ, ಅದನ್ನೂ ಊಹಿಸುತ್ತಾರೆ.

ಲೆಕ್ಕದಕ್ಕ, ಚಾಮುಂಡಿಪುರಂ

ನಂಬರ್ ವಿಷಯ ಕೇಳಿ ನಮ್ಮ ಯಜಮಾನರು ಕೆಮ್ಮಿದರು. ಅವರದೇ ನಂಬರ್. ಅಂಗಡಿಯವರ ಲೆಕ್ಕವೆಲ್ಲ ಈ ಲ್ಯಾಪ್‌ಟಾಪಿನಲ್ಲಿದೆ, ನೆನೆಸಿಕೊಂಡರೆ ಹೊಟ್ಟೆ ಕಲಕುತ್ತದೆ. ಬದಲಿಸಿದ್ದೇನೆ, ಐದು ಪದ. ಅದರಲ್ಲಿ ಎರಡು ನಮ್ಮತ್ತೆ ಮಾತ್ರ ಬಳಸುತ್ತಿದ್ದ ಬೈಗುಳ.

ರಾತ್ರಿ ಒಂಬತ್ತೂವರೆಗೆ ಮೊದಲ ಹಾಳೆ ಬಂತು. ಸ್ಪೀಡು 91. ಐಫೋನ್ ಸುಮ್ಮನಾಗಿದೆ. 5ರಲ್ಲಿ ಮೈಸೂರು ಪಾಕು ಇದ್ದಲ್ಲೇ ಇದೆ. 2.4ಕ್ಕೆ ಮಗ "ಮಂಡ್ಯ ಬೆಲ್ಲ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದಾನೆ, ನಿಮ್ಮ ಲೆಕ್ಕದಲ್ಲಿ.

ಅಡುಗೆಮನೆಯಲ್ಲಿ ಮಾತ್ರ ನನ್ನ ಫೋನ್ ಈಗಲೂ ಒದ್ದಾಡುತ್ತದೆ. ನಮ್ಮದು ಹಳೇ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬಾಕ್ಸ್ ಇರುವುದು ಬೀದಿ ಬಾಗಿಲ ಪಕ್ಕ.

ಮಂಡ್ಯ ವೈರ್‌ಮ್ಯಾನ್

ಆ ಗೋಡೆ ದಾಟುವುದು 5ಕ್ಕೆ ಕಷ್ಟ. ಸಿಗ್ನಲ್ ಸತ್ತರೂ ಫೋನು ಅದನ್ನೇ ಹಿಡಿದುಕೊಂಡಿರುತ್ತದೆ. ನಿಮ್ಮ ಫೋನಿನಲ್ಲಿ ಪಾಕು ಅಳಿಸಿ, ಬೆಲ್ಲ ಒಂದೇ ಉಳಿಸಿ. 2.4ರ ಒಳದಾರಿಗಳಾದ ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಇರುವುದನ್ನು ಆರಿಸಿ.

ಲೆಕ್ಕದಕ್ಕ, ಚಾಮುಂಡಿಪುರಂ

11 ಹಾಕಿದೆ. ಒಗ್ಗರಣೆ ಹಾಕುತ್ತಲೇ ಇದನ್ನು ಬರೆಯುತ್ತಿದ್ದೇನೆ.