ಪದಚರ್ಚೆ: ಹೊಳಪು, ಮಿನುಗು, ಕಿಡಿ – ಕ್ಯಾಮೆರಾ ಕಳೆದುಕೊಳ್ಳುವುದು ಯಾವುದನ್ನು?

ಪ್ರಶ್ನೆ:

ವಜ್ರದ ಒಡವೆಗಳ ಫೋಟೊ ತೆಗೆಯುವ ಬಗೆಗಿನ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಮೂಲದಲ್ಲಿ ಬ್ರಿಲಿಯನ್ಸ್, ಫೈರ್, ಸಿಂಟಿಲೇಷನ್ ಎಂಬ ಮೂರು ಮಾತುಗಳಿವೆ. ಕರಡಿನಲ್ಲಿ ಮೂರಕ್ಕೂ ‘ಹೊಳಪು’ ಎಂದೇ ಇದೆ. ಇದರಿಂದ ‘ಕಣ್ಣಿಗೆ ಕಾಣುವ ಬಣ್ಣದ ಹೊಳಪು ಕ್ಯಾಮೆರಾದಲ್ಲಿ ಬೆಳ್ಳಗಾಗುತ್ತದೆ, ಹೊಳಪು ಮಾತ್ರ ಉಳಿಯುತ್ತದೆ’ ಎಂಬ ವಿಚಿತ್ರ ವಾಕ್ಯ ಹುಟ್ಟಿದೆ. ಫೈರ್‌ಗೆ ‘ಬೆಂಕಿ’ ಎಂದರೆ ಓದುಗರು ನಕ್ಕಾರು. ಥಳುಕು, ಮಿರುಗು, ಮಿಣುಕು, ಝಗಮಗ – ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಯಾವುದು ಯಾವುದಕ್ಕೆ?

ಉತ್ತರ 1:

ಪದ ಆರಿಸುವ ಮೊದಲು ಮೂರೂ ಬೇರೆ ಬೇರೆ ಸಂಗತಿಗಳೆಂದು ಗಮನಿಸಬೇಕು. ಬ್ರಿಲಿಯನ್ಸ್ ಎಂದರೆ ಕಲ್ಲಿನೊಳಗೆ ಹೋಗಿ ತಿರುಗಿ ಬರುವ ಬಿಳಿ ಬೆಳಕು. ಇದಕ್ಕೆ ‘ಹೊಳಪು’ ಸರಿ. ಸಿಂಟಿಲೇಷನ್ ಎಂದರೆ ಕಲ್ಲೋ ಕಣ್ಣೋ ದೀಪವೋ ಅಲುಗಿದಾಗ ಕಲ್ಲಿನ ಕತ್ತರಿಸಿದ ಮುಖಗಳು ಹೊತ್ತಿ ಆರುವುದು. ಇದು ‘ಮಿನುಗು’. ನಕ್ಷತ್ರದ ಮಿನುಗಿಗೂ ಇಂಗ್ಲಿಷಿನಲ್ಲಿ ಇದೇ ಪದವಿದೆ, ಹಾಗಾಗಿ ಹೊಂದಾಣಿಕೆ ಬಿಗಿಯಾಗಿದೆ. ಫೈರ್ ಎಂದರೆ ವರ್ಣವಿಭಜನೆಯಿಂದ, ಅಂದರೆ ಬಿಳಿ ಬೆಳಕು ಬಣ್ಣಗಳಾಗಿ ಒಡೆಯುವುದರಿಂದ, ಸಿಡಿಯುವ ಕೆಂಪು, ಹಸಿರು, ನೀಲಿ ಚುಕ್ಕೆಗಳು. ಇದಕ್ಕೆ ‘ಬಣ್ಣದ ಕಿಡಿ’ ಎನ್ನಿ. ‘ಚದುರುವಿಕೆ’ ಎಂದು ವಿವರಿಸಬೇಡಿ, ಅದು ಆಕಾಶ ನೀಲಿಯಾಗಲು ಕಾರಣವಾದ ಬೇರೊಂದು ವಿದ್ಯಮಾನ.

ವಜ್ರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಕೆಂಪಿಗೆ 2.407, ನೇರಳೆಗೆ 2.451. ಆ 0.044ರ ಅಂತರವೇ ಕಿಡಿಯ ಬಂಡವಾಳ. ವಜ್ರದಂತೆಯೇ ಕಾಣುವ ಬೇರೊಂದು ಕಲ್ಲಾದ ಮೊಯ್ಸನೈಟ್‌ನಲ್ಲಿ ಅದು 0.104, ಅದಕ್ಕೇ ಆ ಕಲ್ಲು ಅತಿಯಾಗಿ ಬಣ್ಣ ಚೆಲ್ಲುತ್ತದೆ. ‘ಥಳುಕು’ ಎಂಬ ಪದಕ್ಕೆ ತೋರಿಕೆಯ ವಾಸನೆ ಇರುವುದರಿಂದ ವಜ್ರಕ್ಕೆ ಬೇಡ, ಮೊಯ್ಸನೈಟ್‌ಗಾದರೆ ಒಪ್ಪೀತು!

ಉತ್ತರ 2:

ಕ್ಯಾಮೆರಾದ ಕಡೆಯಿಂದ ನೋಡಿದರೂ ಈ ವಿಂಗಡಣೆ ನಿಲ್ಲುತ್ತದೆ. ಹೊಳಪು ಫೋಟೊಗೆ ಸುಲಭವಾಗಿ ಸಿಗುತ್ತದೆ. ಮಿನುಗು ಕಾಲದಲ್ಲಿ ನಡೆಯುವ ಕ್ರಿಯೆ, ಸ್ಥಿರಚಿತ್ರದಲ್ಲಿ ಅದು ಇರಲು ಸಾಧ್ಯವೇ ಇಲ್ಲ, ವಿಡಿಯೊ ಬೇಕು. ತೊಡಕೆಲ್ಲ ಕಿಡಿಯದು, ಕೈಪಿಡಿಯ ವಾಕ್ಯವೂ ಅದನ್ನೇ ಕುರಿತದ್ದು.

ಕಿಡಿ ಬೆಳ್ಳಗಾಗಲು ಮೊದಲ ಕಾರಣ ದ್ವಾರದ, ಅಂದರೆ ಬೆಳಕು ಒಳಹೋಗುವ ಕಿಂಡಿಯ, ಅಗಲ. ಒಂದು ಮುಖದಿಂದ ಹೊರಟ ಬೆಳಕು ಬೀಸಣಿಗೆಯಂತೆ 2 ಡಿಗ್ರಿ ಹರಡಿತೆನ್ನಿ. 30 ಸೆಂ.ಮೀ. ದೂರದಲ್ಲಿ ಕೆಂಪಿನಿಂದ ನೇರಳೆಗೆ ಸುಮಾರು 10 ಮಿ.ಮೀ. ಕಣ್ಣಿನ ಪಾಪೆ 3 ಮಿ.ಮೀ. ಇದ್ದರೆ ಬೀಸಣಿಗೆಯ ಒಂದು ಪಟ್ಟಿಯಷ್ಟೇ ಒಳಗೆ ಹೋಗುತ್ತದೆ, ಶುದ್ಧ ಹಸಿರೋ ಕೆಂಪೋ ಕಾಣುತ್ತದೆ. 100 ಮಿ.ಮೀ. ಲೆನ್ಸ್ ಎಫ್/2.8ರಲ್ಲಿ (ನಾಭಿದೂರವನ್ನು 2.8ರಿಂದ ಭಾಗಿಸಿದಷ್ಟು ಅಗಲಕ್ಕೆ) ತೆರೆದಾಗ ದ್ವಾರ 36 ಮಿ.ಮೀ. ಇಡೀ ಬೀಸಣಿಗೆ ಒಳಹೊಕ್ಕು ಒಂದೇ ಬಿಂದುವಿನಲ್ಲಿ ಕೂಡಿ ಮತ್ತೆ ಬಿಳಿಯಾಗುತ್ತದೆ. ಎಫ್/22ಕ್ಕೆ ಇಳಿಸಿದರೆ ದ್ವಾರ 4.5 ಮಿ.ಮೀ., ಬಣ್ಣ ಮರಳುತ್ತದೆ. ಆದರೆ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಮುಖಗಳ ಅಂಚು ಮೆತ್ತಗಾಗುತ್ತದೆ. ಎಫ್/16 ಒಳ್ಳೆಯ ರಾಜಿ.

ಎರಡನೆಯದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ, ತುಂಬಿ ತುಳುಕುವುದು. ಕಿಡಿ ಸುತ್ತಲಿಗಿಂತ ನೂರಾರು ಪಟ್ಟು ಪ್ರಖರ. ಸೆನ್ಸರಿನ ಕೆಂಪು, ಹಸಿರು, ನೀಲಿ ಶೋಧಕಗಳು ಒಂದರ ಬಣ್ಣವನ್ನು ಇನ್ನೊಂದು ತುಸು ಒಳಬಿಡುತ್ತವೆ. ಹೀಗಾಗಿ ಕೆಂಪು ಕಿಡಿಯೂ ಮೂರನ್ನೂ ತುಂಬಿಸಿ ಬೆಳ್ಳಗಾಗುತ್ತದೆ. ಎಕ್ಸ್‌ಪೋಷರ್ 2–3 ಸ್ಟಾಪ್ ತಗ್ಗಿಸಿ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧ) ರಾ ಕಡತದಲ್ಲಿ, ಅಂದರೆ ಸಂಸ್ಕರಿಸದ ಮೂಲ ಕಡತದಲ್ಲಿ, ಉಳಿಸಬೇಕು. ಆಗ ಕಲ್ಲು ಕಪ್ಪಾಗುತ್ತದೆ, ಹಾಗಾಗಿ ಟ್ರೈಪಾಡ್ ಕದಲಿಸದೆ ಎರಡು ಚಿತ್ರ ತೆಗೆದು ಜೋಡಿಸುವುದು ವಾಡಿಕೆ: ಒಂದು ಹರಡಿದ ಬೆಳಕಿನಲ್ಲಿ ಹೊಳಪಿಗೆ, ಇನ್ನೊಂದು ಕತ್ತಲ ಕೋಣೆಯಲ್ಲಿ ಒಂದೇ ಸಣ್ಣ ಎಲ್‌ಇಡಿ ದೀಪದಡಿ ಕಿಡಿಗೆ. ಬಿಳಿ ಬಟ್ಟೆಯ ಲೈಟ್‌ಟೆಂಟ್ ಒಳಗೆ ಕಿಡಿ ಹುಡುಕುವುದು ವ್ಯರ್ಥ. ದಿಕ್ಕುದಿಕ್ಕಿನ ಬೆಳಕು ಬಂದರೆ ಒಂದರ ಕೆಂಪಿನ ಮೇಲೆ ಇನ್ನೊಂದರ ನೀಲಿ ಬಿದ್ದು ಬಿಳಿಯಾಗುತ್ತದೆ.

ಫೋನಿನ ಕಥೆ ಬೇರೆ. ನಾಭಿದೂರ 6 ಮಿ.ಮೀ., ಎಫ್/1.8 ಎಂದರೆ ದ್ವಾರ 3.3 ಮಿ.ಮೀ., ಅಂದರೆ ಪಾಪೆಯಷ್ಟೇ. ಅಲ್ಲಿ ಕಿಡಿ ಸಾಯುವುದು ಸಂಸ್ಕರಣೆಯಲ್ಲಿ: ಹಲವು ಚಿತ್ರಗಳನ್ನು ಬೆರೆಸುವಾಗ ಕೈ ಅಲುಗಿ ಜಾಗ ಬದಲಿಸಿದ ಚುಕ್ಕೆಯನ್ನು ತಂತ್ರಾಂಶ ಚಿತ್ರದ ದೋಷವೆಂದು ಬಗೆದು ಒರೆಸಬಹುದು.

ಫೋಕಸ್ ತುಸು ತಪ್ಪಿಸಿದರೆ ತೆರೆದ ಲೆನ್ಸ್‌ನಲ್ಲೂ ಬಣ್ಣ ಬರುತ್ತದೆ. ಚುಕ್ಕೆ ಬಿಲ್ಲೆಯಾಗಿ ಹಿಗ್ಗುತ್ತದೆ, ದ್ವಾರದ ಬೇರೆ ಬೇರೆ ಭಾಗಕ್ಕೆ ಬಿದ್ದ ಬಣ್ಣಗಳು ಬಿಲ್ಲೆಯ ಬೇರೆ ಬೇರೆ ಭಾಗಕ್ಕೆ ಹೋಗಿ ಕೂಡದೆ ಉಳಿಯುತ್ತವೆ. ಬೆಳಗಿನ ಇಬ್ಬನಿ ಹನಿಗಳ ಚಿತ್ರದಲ್ಲಿ ಹಿನ್ನೆಲೆಯ ಬಿಲ್ಲೆಗಳು ಕಾಮನಬಿಲ್ಲಿನ ಚೂರುಗಳಂತಿರುವುದು ಇದರಿಂದಲೇ. ದಿಗಂತದ ಬಳಿಯ ಲುಬ್ಧಕ ನಕ್ಷತ್ರಕ್ಕೂ ಇಂಥದೇ ಉಪಾಯ: ಫೋಕಸ್ ಸಡಿಲಿಸಿ, ಒಂದು ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಕ್ಯಾಮೆರಾ ಆಡಿಸಿದರೆ ಗೆರೆಯುದ್ದಕ್ಕೂ ಬಣ್ಣದ ಮಣಿಗಳು ಪೋಣಿಸಿದಂತೆ ಬರುತ್ತವೆ. ಇಲ್ಲಿ ಬಣ್ಣ ಒಡೆಯುವುದು ವಾಯುಮಂಡಲ.

ಉತ್ತರ 3:

‘ಬಣ್ಣದ ಕಿಡಿ’ಗೆ ಒಪ್ಪಿಗೆ. ಕ್ರಿಯಾಪದದಲ್ಲಿ ಮಾತ್ರ ಎಚ್ಚರ: ‘ವಜ್ರ ಕಿಡಿಕಾರುತ್ತದೆ’ ಎಂದರೆ ಅದು ಯಾರ ಮೇಲೋ ಸಿಟ್ಟಾದಂತೆ. ‘ಕಿಡಿ ಸೂಸುತ್ತದೆ’ ಎನ್ನಬಹುದು. ‘ಮಿಣುಕು’ ಕ್ಷೀಣ ಬೆಳಕಿನದು, ಮಿಣುಕುಹುಳುವಿಗೆ, ಎಣ್ಣೆ ತೀರಿದ ಹಣತೆಗೆ ಬಿಡಿ. ‘ಮಿರುಗು’ ನುಣುಪಾದ ಮೈಯದು, ರೇಷ್ಮೆ ಸೀರೆಗೆ ಹೊಂದುತ್ತದೆ. ‘ಝಗಮಗ’ ಇಡೀ ಒಡವೆಗಾಗುತ್ತದೆ, ಏಳು ಕಲ್ಲಿನ ಓಲೆ ಝಗಮಗಿಸಬಹುದು. ಒಂಟಿ ಕಲ್ಲಿನ ಮೂಗುಬೊಟ್ಟು ಝಗಮಗಿಸುವುದಿಲ್ಲ, ಮಿನುಗುತ್ತದೆ.