ಭೂತಾನದ ಹಾ ಕ್ಯಾಂಪಿನಲ್ಲಿ ಬೆಳೆದ ಕೊಡಗಿನವರು ಯಾರಾದರೂ ಇದ್ದೀರಾ?

ಬಿಟ್ಟಂಗಾಲದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿರಾಜಪೇಟೆ ಹತ್ತಿರ. ಆದರೆ ನಾನು ಆಡಿ ಬೆಳೆದದ್ದು ಭೂತಾನದ ಹಾ ಕಣಿವೆಯಲ್ಲಿ. ಅಪ್ಪ ಇಮ್ಟ್ರಾಟ್‌ನಲ್ಲಿದ್ದರು. ಭೂತಾನದ ಸೈನ್ಯಕ್ಕೆ ತರಬೇತಿ ಕೊಡುವ ನಮ್ಮ ಸೇನೆಯ ತಂಡ ಅದು. 1962ರಿಂದ ಅಲ್ಲಿದೆ, ಮುಖ್ಯ ಕಚೇರಿ ಹಾದಲ್ಲೇ. ನಾವಿದ್ದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಒಂದನೇ ಕ್ಲಾಸಿಗೆ ನಾನು ಸೇರಿದ್ದು ಅಲ್ಲೇ.

ಮೊನ್ನೆ ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿದ್ದೆ, ಜನರಲ್ ತಿಮ್ಮಯ್ಯನವರ ಮ್ಯೂಸಿಯಂಗೆ. ಕೊರಿಯಾಕ್ಕೆ ಹೋದವರು ಅವರು. 1965ರಲ್ಲಿ ತೀರಿಕೊಂಡದ್ದೂ ಸೈಪ್ರಸ್‌ನಲ್ಲೇ, ವಿಶ್ವಸಂಸ್ಥೆಯ ಪಡೆ ನೋಡಿಕೊಳ್ಳುತ್ತಿದ್ದಾಗ. ಹೊರಗೆ ಬಂದ ಮೇಲೆ ತಲೆಯಲ್ಲಿ ಒಂದೇ ಯೋಚನೆ. ಹೊರದೇಶಕ್ಕೆ ಹೋದ ಸೈನಿಕರ ಕಥೆ ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಸಿಗುತ್ತದೆ. ಅವರ ಜೊತೆ ಹೋದ ಮಕ್ಕಳ ಕಥೆ ಎಲ್ಲೂ ಸಿಗಲ್ಲ.

ನಮ್ಮ ಕ್ವಾರ್ಟರ್ಸ್‌ನಲ್ಲಿ ಒಂದು ಬುಖಾರಿ ಇತ್ತು. ತಗಡಿನ ಒಲೆ, ಅದರ ಹೊಗೆಕೊಳವೆ ಚಾವಣಿ ದಾಟಿ ಹೊರಗೆ ಹೋಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವ್ವ ಹಿಂದಿನ ರಾತ್ರಿಯ ಬೂದಿ ತೆಗೆದು, ಪೈನ್ ಮರದ ಸಿಗುಳು ಇಟ್ಟು ಕಡ್ಡಿ ಗೀರುತ್ತಿದ್ದರು. ಮರದ ಅಂಟು ಚಟಚಟ ಅಂತ ಹತ್ತಿಕೊಳ್ಳುತ್ತಿತ್ತು. ಮೇಲೆ ನೀರಿನ ಕೆಟಲ್. ಕೊಳವೆಯ ಪಕ್ಕ ಕಟ್ಟಿದ ತಂತಿಯ ಮೇಲೆ ನಮ್ಮ ಒದ್ದೆ ಕಾಲುಚೀಲ. ನನ್ನ ಕೆಂಪು ಕಾಲುಚೀಲದ ಹಿಮ್ಮಡಿ ಅಲ್ಲೇ ಸುಟ್ಟು ಗಟ್ಟಿಯಾಗಿತ್ತು. ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಟಿವಿ ಅನ್ನೋದು ಇರಲಿಲ್ಲ. ಭೂತಾನಕ್ಕೆ ಟಿವಿ ಬಂದದ್ದೇ 1999ರಲ್ಲಿ ಅಲ್ವಾ. ಹೊರಗೆ ಬಂದರೆ ಸಾಲಾಗಿ ನಿಂತ ಮೂರು ಬೆಟ್ಟ, ಮೇರಿ ಪುಯೆನ್ಸುಮ್. ಅದರ ಬುಡದಲ್ಲಿ ಬಿಳಿ ದೇವಸ್ಥಾನ, ಲಾಖಾಂಗ್ ಕಾರ್ಪೊ. ಅಲ್ಲಿನ ಚಿಕ್ಕ ಸನ್ಯಾಸಿ ಹುಡುಗರ ಜೊತೆ ನಾವು ಗೋಲಿ ಆಡಿದ್ದೇವೆ.

ವರ್ಗವಾದಾಗ ಸ್ಟೋರ್‌ನವರು ಬಂದು ಕುರ್ಚಿ, ಮಂಚ, ಬುಖಾರಿ ಎಲ್ಲ ಲೆಕ್ಕ ಮಾಡಿಕೊಂಡರು. ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ನಂಬರ್ ಬರೆದಿತ್ತು. ನಮ್ಮದು ಅಂತ ಇದ್ದದ್ದು ಟ್ರಂಕುಗಳು ಮಾತ್ರ. ಪಕ್ಕದ ಮನೆಯ ಮಕ್ಕಳು ಒಬ್ಬರು ಜೋಧ್‌ಪುರಕ್ಕೆ, ಒಬ್ಬರು ಜಮ್ಮುವಿಗೆ ಹೋದರು. ಆಮೇಲೆ ಯಾರೂ ಸಿಗಲಿಲ್ಲ.

ಇಲ್ಲಿ ಐನ್‌ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ಸೇರಿದಾಗ ಎಲ್ಲರೂ ಚಿಕ್ಕಂದಿನ ಮಾತಾಡುತ್ತಾರೆ. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಗಿಸುತ್ತಾರೆ. ನನ್ನ ಮಾತನ್ನು ಮುಗಿಸುವವರು ಯಾರೂ ಇಲ್ಲ. ಅಪ್ಪ ಈಗಿಲ್ಲ. ಅವ್ವನಿಗೆ ಮರೆವು ಶುರುವಾಗಿದೆ. ಅದಕ್ಕೇ ಕೇಳುತ್ತಿದ್ದೇನೆ. ಅಲ್ಲಿ ಇದ್ದವರು ಯಾರಾದರೂ ಇದ್ದೀರಾ? ವಾಪಸ್ ಹೋಗಿ ನೋಡಿಕೊಂಡು ಬಂದವರು ಇದ್ದೀರಾ?

ಸೋಮವಾರಪೇಟೆ ಹುಡುಗ:

ಅಕ್ಕ, ನಾನು ಹಾದವನಲ್ಲ, ದೇವಥಾಂಗ್‌ನವನು. ಭೂತಾನದ ಆಗ್ನೇಯ ಮೂಲೆ. ಅಪ್ಪ ದಂತಕ್‌ನಲ್ಲಿದ್ದರು, ಬಾರ್ಡರ್ ರೋಡ್ಸ್‌ನವರ ಭೂತಾನ್ ಪ್ರಾಜೆಕ್ಟ್. 1958ರಲ್ಲಿ ನೆಹರೂ ಭೂತಾನಕ್ಕೆ ಹೋದಾಗ ಮೋಟಾರು ಹೋಗುವ ರಸ್ತೆಯೇ ಇರಲಿಲ್ಲ. ಕುದುರೆ, ಯಾಕ್ ಮೇಲೆ ಕೂತು ಬೆಟ್ಟ ದಾಟಿ ಪಾರೋ ಮುಟ್ಟಿದ್ದರು. ದಂತಕ್ ಶುರುವಾದದ್ದು 1961ರಲ್ಲಿ. ಅಪ್ಪ ಇದನ್ನು ಅದೆಷ್ಟು ಸಲ ಹೇಳುತ್ತಿದ್ದರೋ. ತಾವು ಕಡಿದ ಗುಡ್ಡ, ಕಟ್ಟಿದ ಮೋರಿ ಎಲ್ಲ ಅವರಿಗೆ ಬಾಯಿಪಾಠ.

ನನಗೆ ಜಾಸ್ತಿ ನೆನಪಿರೋದು ದೋಮಾ ವಾಸನೆ. ಅಲ್ಲಿಯವರ ಎಲೆಅಡಿಕೆ. ನಮ್ಮ ತೋಟದ್ದೇ ಅಡಿಕೆ, ಆದರೆ ಒಣಗಿಸದೆ ಹಸಿಯಾಗಿ ಕೊಳೆಹಾಕಿ ಇಡುತ್ತಾರೆ. ಪೇಟೆಯಲ್ಲಿ ಕಾಲಿಟ್ಟರೆ ಮೂಗಿಗೆ ಹೊಡೆಯುತ್ತದೆ. ರಜೆಗೆ ಊರಿಗೆ ಬಂದಾಗ ಅಜ್ಜ ಅಡಿಕೆ ಸುಲಿಯುತ್ತಾ ಕೂತಿದ್ದರೆ ನಾನು ಹೋಗಿ ಮೂಸಿ ನೋಡುತ್ತಿದ್ದೆ. ಆ ವಾಸನೆ ಇಲ್ಲಿ ಬರಲೇ ಇಲ್ಲ. ಈಗಲೂ ತೋಟದಲ್ಲಿ ಮಳೆಗೆ ಬಿದ್ದು ಕೊಳೆತ ಅಡಿಕೆ ತುಳಿದರೆ ಒಂದು ಗಳಿಗೆ ದೇವಥಾಂಗ್ ಪೇಟೆಯಲ್ಲಿ ಇರುತ್ತೇನೆ.

ಮಡಿಕೇರಿ ಆಂಟಿ:

ಮಗಳೇ, ನಿನ್ನ ಬರಹವನ್ನು ಸೊಸೆ ಓದಿ ಹೇಳಿದಳು. ಇದನ್ನು ಬರೆಯುತ್ತಿರುವುದೂ ಅವಳೇ, ನಾನು ಹೇಳುತ್ತಿದ್ದೇನೆ. ನಮ್ಮವರು ಹಾದಲ್ಲಿ ಇದ್ದದ್ದು ನಿಮಗಿಂತ ಮುಂಚೆ, ಎಪ್ಪತ್ತರ ದಶಕದಲ್ಲಿ.

ನೀನು ಆಗ ಮಗು, ನಿನಗೆ ಬುಖಾರಿಯ ಬಿಸಿ ನೆನಪಿದೆ. ನನಗೆ ಸೌದೆ ಸಾಲುತ್ತದೋ ಇಲ್ಲವೋ ಅನ್ನುವ ಚಿಂತೆ ನೆನಪಿದೆ. ಹಾ ಇರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ. ನೀರು ಬೇಗ ಕುದಿಯುತ್ತದೆ, ಆದರೆ ಅನ್ನ ಬೇಯುವುದಿಲ್ಲ. ಮೊದಮೊದಲು ಇದು ಗೊತ್ತಾಗದೆ ನಾನು ಅತ್ತಿದ್ದೇನೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಆಸೆ ಬಿಡಬೇಕು.

ಊರಿಂದ ಹೋಗುವಾಗ, ಹಂದಿಮಾಂಸಕ್ಕೆ ಹಾಕುವ ನಮ್ಮ ಹುಳಿ ಕಾಚಂಪುಳಿಯ ಬಾಟಲಿಯ ಬಾಯಿಗೆ ಮೇಣ ಸುರಿದು, ಹಳೇ ಸೀರೆಯಲ್ಲಿ ಸುತ್ತಿ, ಟ್ರಂಕಿನ ನಡುವೆ ಇಟ್ಟಿದ್ದೆ. ಮದ್ರಾಸ್, ಹೌರಾ, ಆಮೇಲೆ ಸಿಯಾಲ್ದಾದಿಂದ ಜಲ್ಪೈಗುರಿ, ಅಲ್ಲಿಂದ ಮಿಲಿಟರಿ ಲಾರಿ. ಒಂದು ಹನಿ ಚೆಲ್ಲಲಿಲ್ಲ. ಹಂದಿಮಾಂಸಕ್ಕೆ ಅಲ್ಲಿ ಬರ ಇಲ್ಲ, ಅವರೂ ತಿನ್ನುವವರೇ. ಅವರು ಕೊಬ್ಬಿನ ಪಟ್ಟಿಯನ್ನು ಒಣಗಿಸಿ ಮೆಣಸಿನಕಾಯಿ ಜೊತೆ ಮಾಡುತ್ತಾರೆ. ಪುತ್ತರಿ ದಿನ ನಾನು ಪಂದಿಕರಿ ಮಾಡಿದೆ. ಅಲ್ಲಿಯ ಕೆಂಪಕ್ಕಿಯನ್ನೇ ತರಿ ಮಾಡಿ ಕಡಂಬುಟ್ಟು ಕಟ್ಟಿದೆ. ಉಂಡೆ ನಸುಗೆಂಪಾಗಿ, ಸ್ವಲ್ಪ ಅಂಟಂಟಾಗಿ ಬಂತು. ಪಂಜಾಬಿ, ಗರ್ವಾಲಿ ಮನೆಯವರೆಲ್ಲ ತಟ್ಟೆ ಹಿಡಿದು ಬಂದರು. ಮನೆಯವರಿಗೆ ಬರೆಯೋಣ ಅಂದರೆ ಕಾಗದ ಸೇನೆಯ ಅಂಚೆ, 99 ಎಪಿಒ ದಾರಿಯಲ್ಲಿ ಹೋಗಬೇಕು, ಉತ್ತರ ಬರುವಷ್ಟರಲ್ಲಿ ಹಬ್ಬ ಹಳತಾಗಿರುತ್ತಿತ್ತು.

2017ರಲ್ಲಿ ಭೂತಾನದ ಗಡಿಯ ಡೋಕ್ಲಾಂನಲ್ಲಿ ಚೀನಾ ಜೊತೆ ಗಲಾಟೆ ಆದಾಗ ಟಿವಿಯಲ್ಲಿ ಭೂತಾನದ ನಕ್ಷೆ ತೋರಿಸುತ್ತಲೇ ಇದ್ದರು. ಹಾ ಎಲ್ಲಿ ಅಂತ ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸಿದೆ. ಅಲ್ಲಿಯ ಹೆಂಗಸರು, ಮಕ್ಕಳು ಹೇಗಿದ್ದಾರೋ ಅಂತ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನ ಅವ್ವನಿಗೆ ಮರೆವು ಅಂದೆಯಲ್ಲ. ನೀನಾಗಿ ಏನೂ ಕೇಳಬೇಡ, ಒಂದು ಪೈನ್ ಸಿಗುಳು ಹೊತ್ತಿಸಿ ಪಕ್ಕ ಕೂತುಕೋ. ಮಾತು ತಾನಾಗಿ ಬರಬಹುದು.

ಗೋಣಿಕೊಪ್ಪ ಪ್ಲಾಂಟರ್:

ನಾನು ಹೋಗಿದ್ದೆ, 2023ರಲ್ಲಿ, ಹೆಂಡತಿ ಮಕ್ಕಳ ಜೊತೆ. ಮಿಲಿಟರಿ ಮನೆಯವನಲ್ಲ, ಸುಮ್ನೆ ಟೂರ್. ಗೊತ್ತಿರೋದನ್ನು ಹೇಳುತ್ತೇನೆ.

ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. ಆಧಾರ್ ನಡೆಯಲ್ಲ, ಇದನ್ನು ಮರೀಬೇಡಿ. 2022ರ ಸೆಪ್ಟೆಂಬರ್‌ನಿಂದ ನಮ್ಮವರಿಗೂ ದಿನಕ್ಕೆ ತಲೆಗೆ 1,200 ರೂಪಾಯಿ ಶುಲ್ಕ ಇದೆ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ನಮ್ಮ ರೂಪಾಯಿ ಅಲ್ಲಿ ನಡೆಯುತ್ತದೆ, ಅವರ ನುಲ್ಟ್ರಮ್‌ಗೂ ಅದೇ ಬೆಲೆ. ಬಾಗ್ಡೋಗ್ರಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್, ಗೇಟ್ ದಾಟಿದರೆ ಫುಂಟ್‌ಶೋಲಿಂಗ್.

ಪಾರೋದಿಂದ ಹಾ ಕಣಿವೆಗೆ ಹೋಗೋವಾಗ ಚೆಲೆ ಲಾ ಘಾಟಿ ಸಿಗುತ್ತದೆ. ಹತ್ತಿರ ಹತ್ತಿರ 4,000 ಮೀಟರ್. ಮೋಡ ಇಲ್ಲದಿದ್ದರೆ ಜೊಮೊಲ್ಹಾರಿ ಶಿಖರ ಎದುರಿಗೇ ಇರುತ್ತದೆ. ನಿಮ್ಮ ಅವ್ವನನ್ನು ಕರೆದುಕೊಂಡು ಹೋಗುವುದಾದರೆ ಆ ದಾರಿ ಬೇಡ. ಉಸಿರು ಕಟ್ಟುತ್ತದೆ, ನನ್ನ ಹೆಂಡತಿಗೇ ತಲೆನೋವು ಬಂದಿತ್ತು. ಚುಝೊಮ್ ಕಡೆಯಿಂದ ಹಾ ನದಿಯ ಕಣಿವೆ ಹಿಡಿದು ಹೋಗೋ ರಸ್ತೆ ಇದೆ. ತಿರುವು ಜಾಸ್ತಿ, ಆದರೆ ಅಷ್ಟು ಎತ್ತರ ಹತ್ತಬೇಕಿಲ್ಲ.

ಕ್ಯಾಂಪ್ ಈಗಲೂ ಇದೆ. ನಾವು ರಸ್ತೆಯಿಂದ ನೋಡಿದ್ದು ಅಷ್ಟೇ. ಒಳಗೆ ಹೋಗಬೇಕಾದರೆ ಮೊದಲೇ ಬರೆದು ಕೇಳೋದು ಒಳ್ಳೆಯದು, ಅಪ್ಪನ ಸರ್ವಿಸ್ ಕಾಗದ ಜೊತೆಗಿಡಿ. ಲಾಖಾಂಗ್ ಕಾರ್ಪೊಗೆ ಯಾರು ಬೇಕಾದರೂ ಹೋಗಬಹುದು. ನಾವು ಹೋದಾಗ ಅಂಗಳದಲ್ಲಿ ಚಿಕ್ಕ ಸನ್ಯಾಸಿಗಳು ಪ್ಲಾಸ್ಟಿಕ್ ಚೆಂಡು ಒದೆಯುತ್ತಿದ್ದರು.

ಬಿಟ್ಟಂಗಾಲದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆಂಟಿ, ನಿಮ್ಮ ಮಾತನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೆಂಪಕ್ಕಿ ಕಡಂಬುಟ್ಟು ಅಂದ ಕೂಡಲೇ "ಅದಕ್ಕೆ ತರಿ ದಪ್ಪ ಇರಬೇಕು, ಇಲ್ಲದಿದ್ದರೆ ಮುದ್ದೆ ಆಗುತ್ತದೆ" ಅಂದರು. ನನ್ನ ಹೆಸರನ್ನೇ ಒಮ್ಮೊಮ್ಮೆ ತಪ್ಪಿ ಕರೆಯುವವರು. ಎಷ್ಟು ಖುಷಿಯಾಯಿತು ಅಂತ ಹೇಳೋಕೆ ಆಗಲ್ಲ.

ಪ್ಲಾಂಟರ್ ಅಣ್ಣ, ಅವ್ವನ ವೋಟರ್ ಕಾರ್ಡಿನಲ್ಲಿ ಮನೆಹೆಸರು ತಪ್ಪಾಗಿದೆ. ಅದಕ್ಕೆ ಪಾಸ್‌ಪೋರ್ಟನ್ನೇ ಮಾಡಿಸುತ್ತೇನೆ, ಮೈಸೂರಿನ ಅಂಚೆ ಕಚೇರಿಯಲ್ಲಿ ಆಗುತ್ತದಲ್ಲ. ನೀವು ಚುಝೊಮ್ ದಾರಿಯಲ್ಲಿ ಹೋಗಿದ್ದರೆ ನಡುವೆ ಊಟಕ್ಕೆ, ಬಾತ್‌ರೂಮಿಗೆ ಎಲ್ಲಿ ನಿಲ್ಲಿಸಬಹುದು ಹೇಳಿ. ಅವ್ವನಿಗೆ ತುಂಬಾ ಹೊತ್ತು ಕೂರಲು ಆಗಲ್ಲ.

ಆಂಟಿ, ಈ ಭಾನುವಾರ ಅವ್ವನನ್ನು ಕರೆದುಕೊಂಡು ನಿಮ್ಮ ಮನೆಗೆ ಬರಲಾ? ನಿಮ್ಮ ಸೊಸೆಗೆ ಮೆಸೇಜ್ ಹಾಕಿದ್ದೇನೆ.